ಕಸ್ಟಮ್ ರಿಕರ್ವ್ ಬಿಲ್ಲು: ಬೇರ್, ಬ್ಲ್ಯಾಕ್ ವಿಡೋ, ಇಲ್ಲಾ ಒಬ್ಬರೇ ಕೂತು ಮಾಡುವ ಬಿಲ್ಲು?

ಪ್ರಶ್ನೆ: ನಾನು ಮಿಷಿಗನ್‌ನ ನೋವೈಯಲ್ಲಿದ್ದೇನೆ. ಊರು ಸಾಗರದ ಕಡೆ. ಒಂದೂವರೆ ವರ್ಷದಿಂದ ಸ್ನೇಹಿತನ ಹಳೇ ಸಮಿಕ್ ಸೇಜ್ ಬಿಲ್ಲಿನಲ್ಲಿ ಅಭ್ಯಾಸ ಮಾಡುತ್ತಿದ್ದೇನೆ, 35 ಪೌಂಡಿನದು. ಬರುವ ಅಕ್ಟೋಬರ್‌ನಲ್ಲಿ ಜಿಂಕೆ ಬೇಟೆಗೆ ಹೋಗುವ ಆಸೆ. ಅದಕ್ಕೆ ಒಂದು ಒಳ್ಳೆಯ ಕಸ್ಟಮ್ ರಿಕರ್ವ್ (ತುದಿ ಮುಂದಕ್ಕೆ ಬಾಗಿದ ಬಿಲ್ಲು) ತಗೋಬೇಕು. ಬೇರ್ ಸೂಪರ್ ಕೊಡಿಯಾಕ್, ಬ್ಲ್ಯಾಕ್ ವಿಡೋ, ಅಥವಾ ಒಬ್ಬರೇ ಕೈಯಲ್ಲಿ ಮಾಡುವ ಸಣ್ಣ ತಯಾರಕರ ಬಿಲ್ಲು, ಈ ಮೂರರಲ್ಲಿ ಯಾವುದು? ಯಾವುದಕ್ಕೆ ವೇಗ ಜಾಸ್ತಿ? 55 ಪೌಂಡ್, 58 ಇಂಚು ಉದ್ದ ಅಂತ ಅಂದುಕೊಂಡಿದ್ದೇನೆ. ನನ್ನ ಎತ್ತರ 5 ಅಡಿ 7 ಇಂಚು. ಬಜೆಟ್ 1,200 ಡಾಲರ್. ಇನ್ನೊಂದು ಮಾತು, ರಜೆಗೆ ಊರಿಗೆ ಬರುವಾಗ ಬಿಲ್ಲು ತರಬಹುದಾ?

ಉತ್ತರ: ನೀವು ಹೇಳಿದ ಹೆಸರುಗಳಲ್ಲಿ ತೊಂದರೆ ಇಲ್ಲ. ತೊಂದರೆ ಇರುವುದು 55 ಅನ್ನುವ ಅಂಕಿಯಲ್ಲಿ. ಸ್ವಲ್ಪ ಮಟ್ಟಿಗೆ 58ರಲ್ಲೂ ಇದೆ. ಆ ಎರಡು ಅಂಕಿ ಸರಿಯಾದರೆ ಮೂರರಲ್ಲಿ ಯಾವುದನ್ನು ತಗೊಂಡರೂ ಜಿಂಕೆ ಸಿಗುತ್ತದೆ. ತಪ್ಪಾದರೆ ಎಷ್ಟು ದುಡ್ಡು ಕೊಟ್ಟ ಬಿಲ್ಲಾದರೂ ಒಂದೆರಡು ವರ್ಷದಲ್ಲಿ ಮಾರಾಟಕ್ಕೆ ಬರುತ್ತದೆ. ಸೆಕೆಂಡ್ ಹ್ಯಾಂಡ್ ಪಟ್ಟಿಗಳನ್ನು ಒಮ್ಮೆ ನೋಡಿ. ಹೊಚ್ಚ ಹೊಸದರ ಹಾಗಿರುವ 55, 60 ಪೌಂಡಿನ ಚೆಂದದ ಬಿಲ್ಲುಗಳು ಸಾಲಾಗಿ ಸಿಗುತ್ತವೆ. 40, 45 ಪೌಂಡಿನವು ಬಂದ ದಿನವೇ ಹೋಗಿಬಿಡುತ್ತವೆ. ಯಾಕೆ ಅಂತ ಊಹಿಸುವುದು ಕಷ್ಟವಲ್ಲ.

ಮೊದಲು ನಿಮ್ಮ ಈಗಿನ ಲೆಕ್ಕ ನೋಡೋಣ. ಬಿಲ್ಲಿನ ಮೇಲೆ ಬರೆದಿರುವ ಪೌಂಡು, ಅಂದರೆ ಎಳೆಯಲು ಬೇಕಾದ ಬಲ, 28 ಇಂಚು ಎಳೆದಾಗಿನದು. ಈ 28 ಇಂಚನ್ನು ಅಳೆಯುವ ರೀತಿ ಹೀಗೆ: ಹೆದೆಯಲ್ಲಿ ಬಾಣ ಕೂರುವ ಜಾಗದಿಂದ ಹಿಡಿಯ ಒಳಗಿನ ಆಳದ ತನಕ ಎಷ್ಟು ಬರುತ್ತದೋ ನೋಡಿ, ಅದಕ್ಕೆ ಒಂದೂಮುಕ್ಕಾಲು ಇಂಚು ಸೇರಿಸಬೇಕು. ನಿಮ್ಮ ಎತ್ತರದವರ ಎಳೆತ ಸಾಮಾನ್ಯವಾಗಿ 27 ಇಂಚಿನ ಆಸುಪಾಸು ಇರುತ್ತದೆ. ಎರಡೂ ತೋಳು ಚಾಚಿ ಬೆರಳ ತುದಿಯಿಂದ ತುದಿಗೆ ಅಳೆದು 2.5ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. ಸರಿಯಾದ ಅಳತೆ ಬೇಕಿದ್ದರೆ ಹಗುರವಾದ ಬಿಲ್ಲಿನಲ್ಲಿ ಉದ್ದನೆಯ ಬಾಣ ಎಳೆದು, ಬೇರೆಯವರ ಕೈಲಿ ಗುರುತು ಹಾಕಿಸಿಕೊಳ್ಳಿ. ಗುರಿಯ ಕಡೆಗೇ ನೋಡುತ್ತಾ ಎಳೆಯಿರಿ. ಅಳತೆ ತಗೋತಾರೆ ಅಂತ ಗೊತ್ತಾದರೆ ಎಲ್ಲರೂ ಒಂದು ಇಂಚು ಜಾಸ್ತಿ ಎಳೆಯುತ್ತಾರೆ!

ಒಂದು ಇಂಚಿಗೆ ಎರಡರಿಂದ ಮೂರು ಪೌಂಡು ವ್ಯತ್ಯಾಸ. ಅಂದರೆ ಆ ಸೇಜ್ ಬಿಲ್ಲಿನಲ್ಲಿ ನೀವು ಎಳೆಯುತ್ತಿರುವುದು 35 ಅಲ್ಲ, 33ರ ಹತ್ತಿರ. 55ರ ಬಿಲ್ಲು ತಂದರೆ ನಿಮ್ಮ ಬೆರಳಿಗೆ ಬೀಳುವುದು ಸುಮಾರು 52. ಒಂದೇ ಏಟಿಗೆ ಹತ್ತೊಂಬತ್ತು ಪೌಂಡು ಏರಿಸುತ್ತೀರಿ. ಇದೇನು ಸೀತಾ ಸ್ವಯಂವರ ಅಲ್ಲ. ಬಿಲ್ಲು ಎತ್ತಿ ಒಮ್ಮೆ ಎಳೆದುಬಿಟ್ಟರೆ ಕೆಲಸ ಮುಗಿಯುವುದಿಲ್ಲ. ನವೆಂಬರ್‌ನ ಬೆಳಗಿನ ಚಳಿಯಲ್ಲಿ, ದಪ್ಪ ಜಾಕೆಟ್ ಹಾಕಿಕೊಂಡು, ಎರಡು ಗಂಟೆ ಅಲ್ಲಾಡದೆ ಕೂತ ಮೇಲೆ, ಹತ್ತು ಹದಿನೈದು ಗಜ ದೂರದಲ್ಲಿ ಜಿಂಕೆ ಬಂದು ನಿಂತಾಗ ನಿಧಾನವಾಗಿ, ಸದ್ದಿಲ್ಲದೆ ಎಳೆಯಬೇಕು. ಜಿಂಕೆ ತಲೆ ಎತ್ತಿತು ಅಂದರೆ ಹಾಗೇ ಹಿಡಿದು ನಿಲ್ಲಬೇಕು. ರಾಟೆ ಇರುವ ಕಾಂಪೌಂಡ್ ಬಿಲ್ಲಿನಲ್ಲಿ ಪೂರ್ತಿ ಎಳೆದ ಮೇಲೆ ಭಾರ ಇಳಿಯುತ್ತದೆ. ರಿಕರ್ವ್‌ನಲ್ಲಿ ಆ ಸುಖ ಇಲ್ಲ, ಪೂರ್ತಿ ಭಾರ ಕೊನೆಯ ಕ್ಷಣದವರೆಗೂ ನಿಮ್ಮ ಮೂರು ಬೆರಳ ಮೇಲೇ ಇರುತ್ತದೆ.

ಭಾರ ಜಾಸ್ತಿಯಾದಾಗ ಆಗುವುದೇನು ಅಂದರೆ, ಕೈ ಗಲ್ಲಕ್ಕೆ ಬರುವ ಮೊದಲೇ ಬಾಣ ಹೊರಟುಹೋಗುತ್ತದೆ. ಎಳೆತ ದಿನಕ್ಕೊಂದು ಥರ ಆಗುತ್ತದೆ. ಆಮೇಲೆ ಗುರಿ ಕಂಡರೆ ಸಾಕು, ಬಿಟ್ಟುಬಿಡಬೇಕು ಅನ್ನುವ ಗಾಬರಿ ಮನಸ್ಸಿಗೆ ಅಂಟಿಕೊಳ್ಳುತ್ತದೆ. ಬಿಲ್ಲಾಳುಗಳು ಇದನ್ನು ಟಾರ್ಗೆಟ್ ಪ್ಯಾನಿಕ್ ಅನ್ನುತ್ತಾರೆ. ಭುಜದ ನೋವು ತಿಂಗಳುಗಟ್ಟಲೆ ವಿಶ್ರಾಂತಿ ಕೊಟ್ಟರೆ ಹೋಗಬಹುದು. ಈ ಗಾಬರಿ ಹೋಗಿಸುವುದು ಅದಕ್ಕಿಂತ ಕಷ್ಟ. ಯಾವುದೇ ಬಿಲ್ಲು ನಿಮಗೆ ಸರಿಯೋ ಅಂತ ನೋಡಲು ಒಂದು ಸುಲಭದ ಪರೀಕ್ಷೆ ಇದೆ. ಕುರ್ಚಿಯಲ್ಲಿ ಕೂತು, ಬಿಲ್ಲನ್ನು ಆಕಾಶದ ಕಡೆ ಎತ್ತದೆ, ನೇರ ಮುಂದಕ್ಕೆ ಹಿಡಿದು ನಿಧಾನವಾಗಿ ಪೂರ್ತಿ ಎಳೆಯಿರಿ. ಹತ್ತು ಸೆಕೆಂಡ್ ಹಿಡಿಯಿರಿ. ಬಾಣ ಬಿಡದೆ ಅಷ್ಟೇ ನಿಧಾನವಾಗಿ ವಾಪಸ್ ತನ್ನಿ. ಇಷ್ಟನ್ನು ನಡುಗದೆ ನಾಲ್ಕೈದು ಸಲ ಮಾಡಲು ಆಗದಿದ್ದರೆ ಆ ಬಿಲ್ಲು ಬೇಟೆಗೆ ಬೇಡ.

ಬೇಟೆಗೆ ಎಷ್ಟು ಪೌಂಡು ಬೇಕು ಹಾಗಾದರೆ? ಕಾನೂನಿನ ಅಂಕಿ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಪೆನ್ಸಿಲ್ವೇನಿಯದಲ್ಲಿ ಜಿಂಕೆಗೆ ಕನಿಷ್ಠ 35, ಪಕ್ಕದ ಓಹಾಯೊದಲ್ಲಿ 40. ಮಿಷಿಗನ್‌ನವರು ಬಾಣದ ಅಲಗಿನ ಅಗಲ ಕೇಳುತ್ತಾರೆ, ಕನಿಷ್ಠ ಇಂಚಿನ ಎಂಟರಲ್ಲಿ ಏಳು ಭಾಗ. ಬಾಣದ ಉದ್ದ ಕನಿಷ್ಠ 14 ಇಂಚು. ನಿಯಮ ಬದಲಾಗುತ್ತಿರುತ್ತದೆ, ಆ ವರ್ಷದ ಪುಸ್ತಿಕೆ ನೋಡಿಕೊಳ್ಳಿ. ಕಾನೂನು ಬಿಟ್ಟು ನನ್ನ ಮಾತು ಕೇಳಿದರೆ, ನಿಮ್ಮ ಎಳೆತದಲ್ಲಿ 42ರಿಂದ 45 ಪೌಂಡು ಬಿಳಿಬಾಲದ ಜಿಂಕೆಗೆ ಧಾರಾಳವಾಗಿ ಸಾಕು. ಆದರೆ ಅಲಗು ಚೂಪಾಗಿರಬೇಕು. ಎರಡೇ ಅಂಚಿನ, ತಾಗಿದ ತಕ್ಷಣ ಕತ್ತರಿಸುವ ಅಲಗು ಇರಲಿ. ಒಳಗೆ ಹೋಗಿ ಬಿಚ್ಚಿಕೊಳ್ಳುವ ಅಲಗುಗಳು ಕಾಂಪೌಂಡ್‌ನವರಿಗೆ ಬಿಟ್ಟುಬಿಡಿ. ಅವಕ್ಕೆ ತೆರೆದುಕೊಳ್ಳಲೇ ಒಂದಿಷ್ಟು ಶಕ್ತಿ ಬೇಕು. ನಿಮ್ಮ ಬಿಲ್ಲಿನಲ್ಲಿ ಅಷ್ಟು ಪುಕ್ಕಟೆ ಶಕ್ತಿ ಇರುವುದಿಲ್ಲ.

ಈಗ ವೇಗದ ವಿಷಯ. ಬಿಲ್ಲು ಹೋಲಿಸುವವರು ಎಲ್ಲರೂ ಇದನ್ನೇ ಮೊದಲು ಕೇಳುತ್ತಾರೆ. ಒಳ್ಳೆಯ ರಿಕರ್ವ್ ಯಾವುದೇ ಇರಲಿ, 28 ಇಂಚು ಎಳೆದು, ಪೌಂಡಿಗೆ ಒಂಬತ್ತು ಹತ್ತು ಗ್ರೇನ್ ತೂಕದ ಬಾಣ ಬಿಟ್ಟರೆ ಸೆಕೆಂಡಿಗೆ 175ರಿಂದ 195 ಅಡಿ ಹೋಗುತ್ತದೆ. ಒಂದು ಗ್ರಾಮ್ ಅಂದರೆ ಸುಮಾರು ಹದಿನೈದೂವರೆ ಗ್ರೇನ್. ನೀವು ಹೇಳಿದ ಮೂರರ ನಡುವೆ ಹೆಚ್ಚೆಂದರೆ ಹತ್ತು ಅಡಿ ಫರಕು ಬರಬಹುದು ಅಂತಿಟ್ಟುಕೊಳ್ಳಿ. 20 ಗಜದಲ್ಲಿ 175 ಅಡಿಯ ಬಾಣ, 185 ಅಡಿಯದಕ್ಕಿಂತ ಸುಮಾರು ಎರಡೂವರೆ ಇಂಚು ಜಾಸ್ತಿ ಕೆಳಗಿಳಿಯುತ್ತದೆ. ಅಷ್ಟೇ. ಅದೂ ನೀವು ಅದೇ ಬಿಲ್ಲಿನಲ್ಲಿ ಅಭ್ಯಾಸ ಮಾಡಿದ್ದರೆ ಕಣ್ಣು ತಾನಾಗೇ ಹೊಂದಿಸಿಕೊಳ್ಳುತ್ತದೆ. 22 ಗಜದಲ್ಲಿರುವ ಜಿಂಕೆಯನ್ನು 20 ಅಂದುಕೊಂಡು ಹೊಡೆದರೂ ಹೆಚ್ಚುಕಡಿಮೆ ಅಷ್ಟೇ ಕೆಳಗೆ ಬೀಳುತ್ತದೆ. ಒಂದು ಇಂಚು ಕಡಿಮೆ ಎಳೆದರೆ ಆ ಹತ್ತು ಅಡಿ ವೇಗ ಹೇಗೂ ಹೋಯಿತು. ಭಾರ ತಡೆಯಲಾಗದೆ ಕಡಿಮೆ ಎಳೆಯುವವರು ವೇಗಕ್ಕೆ ಅಂತ ಕೊಟ್ಟ ದುಡ್ಡನ್ನು ತಾವೇ ಕಳೆದುಕೊಳ್ಳುತ್ತಾರೆ.

ವೇಗಕ್ಕಿಂತ ಸದ್ದು ಮುಖ್ಯ. 20 ಗಜ ಅಂದರೆ 60 ಅಡಿ. ಬಾಣಕ್ಕೆ ಅದನ್ನು ದಾಟಲು ಸೆಕೆಂಡಿನ ಮೂರನೇ ಒಂದು ಭಾಗ ಬೇಕು. ಹೆದೆಯ ಸದ್ದಿಗೆ ಸೆಕೆಂಡಿನ ಇಪ್ಪತ್ತನೇ ಒಂದು ಭಾಗ ಸಾಕು. ಸದ್ದು ಕಿವಿಗೆ ಬಿದ್ದ ಮೇಲೆ ಜಿಂಕೆಗೆ ಕಾಲು ಸೆಕೆಂಡಿಗಿಂತ ಜಾಸ್ತಿ ಸಮಯ ಇದೆ. ಓಡಲು ಅದು ಮೊದಲು ಮೈ ಕೆಳಕ್ಕೆ ಕುಗ್ಗಿಸುತ್ತದೆ, ಬಾಣ ಬೆನ್ನ ಮೇಲೆ ಹಾರಿಹೋಗುತ್ತದೆ. ಹತ್ತು ಅಡಿ ವೇಗ ಹೆಚ್ಚಿಸಿದರೆ ಈ ಸಮಯದಲ್ಲಿ ಉಳಿಯುವುದು ಸೆಕೆಂಡಿನ ಐವತ್ತನೇ ಒಂದು ಭಾಗ. ಸದ್ದು ಕಡಿಮೆಯಾದರೆ ಜಿಂಕೆ ಬೆಚ್ಚುವುದೇ ಕಡಿಮೆ. ಆದ್ದರಿಂದ ಪೌಂಡಿಗೆ ಹತ್ತು ಹನ್ನೊಂದು ಗ್ರೇನ್ ತೂಕದ ಬಾಣ ಇಟ್ಟುಕೊಳ್ಳಿ, 450 ಗ್ರೇನ್ ಹತ್ತಿರ. ಭಾರದ ಬಾಣ ಬಿಲ್ಲಿನ ಶಕ್ತಿಯನ್ನು ಜಾಸ್ತಿ ಹೀರಿಕೊಂಡು ಹೋಗುತ್ತದೆ. ಹಿಂದೆ ಉಳಿದ ಶಕ್ತಿಯೇ ತಾನೆ ಸದ್ದಾಗುವುದು, ಕೈ ನಡುಗಿಸುವುದು. ಹೆದೆಗೆ ಉಣ್ಣೆಯ ಕುಚ್ಚೋ ಬೀವರ್ ತುಪ್ಪಳದ ಪಟ್ಟಿಯೋ ಕಟ್ಟಿ. ಹೆದೆಯ ಹುರಿ ತಿರುಚಿ, ಹಿಡಿಗೂ ಹೆದೆಗೂ ನಡುವಿನ ಅಂತರವನ್ನು ಏಳೂವರೆಯಿಂದ ಎಂಟೂವರೆ ಇಂಚಿನೊಳಗೆ ಸ್ವಲ್ಪ ಸ್ವಲ್ಪ ಬದಲಿಸುತ್ತಾ ಹೋಗಿ. ಒಂದು ಕಡೆ ಬಿಲ್ಲು ತಟ್ಟನೆ ಮೆತ್ತಗಾಗುತ್ತದೆ. ಅಲ್ಲೇ ಬಿಡಿ.

ಬಿಲ್ಲು ಬಿಲ್ಲಿಗೂ ನಿಜವಾದ ವ್ಯತ್ಯಾಸ ಗೊತ್ತಾಗುವುದು ಎಳೆತದ ಕೊನೆಯ ಎರಡು ಇಂಚಿನಲ್ಲಿ. ಕೆಲವು ಬಿಲ್ಲು 25 ಇಂಚಿನ ತನಕ ಬೆಣ್ಣೆ ಥರ ಬಂದು, ಆಮೇಲೆ ಗೋಡೆಗೆ ಗುದ್ದಿದ ಹಾಗೆ ನಿಲ್ಲುತ್ತವೆ. ಇದಕ್ಕೆ ಸ್ಟ್ಯಾಕ್ ಆಗುವುದು ಅನ್ನುತ್ತಾರೆ. ಹಿಡಿಯ ಮೇಲೂ ಕೆಳಗೂ ಇರುವ, ಬಾಗುವ ತೋಳಿಗೆ ಲಿಂಬ್ ಅನ್ನುತ್ತಾರೆ. ಎಳೆಯುತ್ತಾ ಹೋದ ಹಾಗೆ ತುದಿಯಲ್ಲಿ ಲಿಂಬ್‌ಗೂ ಹೆದೆಗೂ ನಡುವಿನ ಕೋನ ದೊಡ್ಡದಾಗುತ್ತದೆ. ಅದು ಲಂಬಕೋನದ ಹತ್ತಿರ ಬಂತು ಅಂದರೆ ಎಳೆತ ಸನ್ನೆಯ ಲಾಭ ಕಳೆದುಕೊಂಡು ಬಿಗಿಯುತ್ತದೆ. ರಿಕರ್ವ್‌ನ ತುದಿ ಮುಂದಕ್ಕೆ ಬಾಗಿರುವುದೇ ಆ ಹೊತ್ತನ್ನು ಮುಂದೂಡಲು. ಬಿಲ್ಲು ಗಿಡ್ಡವಾದಷ್ಟೂ ಆ ಕೋನ ಬೇಗ ಬರುತ್ತದೆ. ಸಾಲದ್ದಕ್ಕೆ ಹೆದೆಯೂ ಚೂಪಾಗಿ ಮಡಚಿ ಬೆರಳು ಹಿಚುಕುತ್ತದೆ. ತಕ್ಕಡಿಯಲ್ಲಿ ಇಂಚಿಂಚಿಗೂ ಪೌಂಡು ಬರೆದುಕೊಂಡರೆ ಇದು ಕಣ್ಣಿಗೇ ಕಾಣುತ್ತದೆ. ಕೊನೆಯ ಇಂಚಿಗೆ ಎರಡು, ಎರಡೂವರೆ ಪೌಂಡು ಏರಿದರೆ ಒಳ್ಳೆಯ ಲಿಂಬ್. ಮೂರೂವರೆ, ನಾಲ್ಕು ಏರಿದರೆ ಆ ಬಿಲ್ಲು ನಿಮ್ಮ ಎಳೆತಕ್ಕೆ ಗಿಡ್ಡವಾಯಿತು. ಯಾವುದೇ ತಯಾರಕರನ್ನು ಕೇಳಿ, ಈ ಪಟ್ಟಿ ಕೊಡಬಲ್ಲವರು ತಮ್ಮ ಕೆಲಸ ಬಲ್ಲವರು.

27 ಇಂಚಿನ ಎಳೆತಕ್ಕೆ 58 ಇಂಚು ಆಗದ್ದೇನಲ್ಲ. ಆದರೆ ನಾನು 60 ಅಥವಾ 62 ತಗೊಳ್ಳಿ ಅನ್ನುತ್ತೇನೆ. ಮರದ ಮೇಲಿನ ಅಟ್ಟಣೆಯಲ್ಲಿ ಕೂತರೆ ಎರಡು ಇಂಚು ಉದ್ದದಿಂದ ಏನೂ ಕಳೆದುಕೊಳ್ಳುವುದಿಲ್ಲ. ಬಿಲ್ಲು ಒಂಚೂರು ಓರೆ ಹಿಡಿದರೆ ಕೆಳಗಿನ ಲಿಂಬ್ ಹಲಗೆಗೆ ತಾಗುವುದಿಲ್ಲ. ಬಟ್ಟೆಯ ಗುಡಾರದೊಳಗೆ ಸ್ಟೂಲ್ ಮೇಲೆ ಕೂತು ಹೊಡೆಯುವವರಿಗೆ ಮಾತ್ರ ಗಿಡ್ಡ ಬಿಲ್ಲು ಸಲೀಸು, ಮೇಲಿನ ತುದಿ ಚಾವಣಿಗೆ ಬಡಿಯುವುದಿಲ್ಲ. ಉದ್ದ ಬಿಲ್ಲು ಬೆರಳಿನ ಸಣ್ಣಪುಟ್ಟ ತಪ್ಪನ್ನು ಜಾಸ್ತಿ ಕ್ಷಮಿಸುತ್ತದೆ. ಒಂದೂವರೆ ವರ್ಷದ ಅಭ್ಯಾಸದಲ್ಲಿ ಆ ಕ್ಷಮೆ ಬೇಕೇ ಬೇಕು.

ಇನ್ನು ಮೂರು ಹೆಸರಿಗೆ ಬರೋಣ.

ಬೇರ್ ನಿಮ್ಮ ರಾಜ್ಯದ್ದೇ ಹೆಸರು. ಫ್ರೆಡ್ ಬೇರ್ 1933ರಲ್ಲಿ ಡೆಟ್ರಾಯಿಟ್‌ನಲ್ಲಿ ಶುರು ಮಾಡಿದ್ದು. 1947ರಲ್ಲಿ ಉತ್ತರದ ಗ್ರೇಲಿಂಗ್‌ಗೆ ಹೋದರು. 1978ರಲ್ಲಿ ಕಾರ್ಖಾನೆ ಫ್ಲಾರಿಡಾದ ಗೇನ್ಸ್‌ವಿಲ್‌ಗೆ ಹೋಯಿತು. ಮರದ ಪದರಕ್ಕೆ ಫೈಬರ್‌ಗ್ಲಾಸ್ ಅಂಟಿಸಿದ ಬಿಲ್ಲನ್ನು ಅಮೆರಿಕದ ಸಾಮಾನ್ಯ ಬೇಟೆಗಾರನ ಕೈಗೆ ಕೊಟ್ಟವರಲ್ಲಿ ಅವರು ಮೊದಲ ಸಾಲಿನವರು. ಸೂಪರ್ ಕೊಡಿಯಾಕ್ 60 ಇಂಚಿನ ಒಂದೇ ತುಂಡಿನ ಬಿಲ್ಲು. ಹಗುರ, ಸದ್ದು ಕಡಿಮೆ, ನೋಡಲು ಚೆಂದ. ಆದರೆ ಇದು ಕಸ್ಟಮ್ ಅಲ್ಲ. ಕಾರ್ಖಾನೆಯ ಅಳತೆ, ಕಾರ್ಖಾನೆಯ ಹಿಡಿ. ಅದು ನಿಮ್ಮ ಕೈಗೆ ಕೂತರೆ ಇಷ್ಟು ದುಡ್ಡಿಗೆ ಇದಕ್ಕಿಂತ ಒಳ್ಳೆಯ ಬೇಟೆ ಬಿಲ್ಲು ಹುಡುಕುವುದು ಕಷ್ಟ. ಬೇರ್‌ನವರದೇ ಟೇಕ್‌ಡೌನ್ ಇನ್ನೊಂದಿದೆ. ಅಂದರೆ ಬಿಚ್ಚಿ ಜೋಡಿಸುವ ಬಿಲ್ಲು; ಅದರ ನಡುವಿನ ಹಿಡಿಯ ಭಾಗಕ್ಕೆ ರೈಸರ್ ಅನ್ನುತ್ತಾರೆ. ಯಾವ ಸ್ಪ್ಯಾನರೂ ಬೇಡ, ಲಿಂಬ್ ಕೊಕ್ಕೆಯಲ್ಲಿ ಟಕ್ ಅಂತ ಕೂರುತ್ತದೆ. ಎ ರೈಸರ್‌ಗೆ ಒಂದನೇ ನಂಬರ್ ಲಿಂಬ್ ಹಾಕಿದರೆ 56 ಇಂಚು, ಬಿ ರೈಸರ್‌ಗೆ ಮೂರನೇ ನಂಬರ್ ಹಾಕಿದರೆ 64. ಹಳೆಯ ರೈಸರ್‌ಗಳಿಗೆ ಈಗಲೂ ಬೇಡಿಕೆ ಇದೆ. ಮಿಷಿಗನ್‌ನಲ್ಲಿ ಗ್ಯಾರೇಜ್ ಸೇಲ್ ಸುತ್ತುವ ಅಭ್ಯಾಸ ಇದ್ದರೆ ಕಣ್ಣಿಟ್ಟಿರಿ.

ಹಳೆಯ ಬೇರ್ ಸಿಕ್ಕಿದರೆ ಒಂದು ಎಚ್ಚರ. ಆ ಕಾಲದ ಬಿಲ್ಲುಗಳ ತುದಿಗೆ ಇವತ್ತಿನ ಬಲ ಇಲ್ಲ. ಡೈನೀಮಾ ನೂಲಿನ ಹಿಗ್ಗದ ಹೆದೆ ಹಾಕಬೇಡಿ, ಸ್ವಲ್ಪ ಹಿಗ್ಗುವ ಡೇಕ್ರಾನ್ ಹೆದೆಯೇ ಇರಲಿ. ಗಾಜಿನ ಪದರದಲ್ಲಿ ಉದ್ದುದ್ದಕ್ಕೆ ಕೂದಲೆಳೆಯಂಥ ಗೆರೆಗಳಿದ್ದರೆ ಸಾಮಾನ್ಯವಾಗಿ ಹೆದರಬೇಕಿಲ್ಲ. ಅಡ್ಡಕ್ಕೆ ಬಿರುಕಿದ್ದರೆ ಗೋಡೆಗೆ ತೂಗು ಹಾಕಲು ಮಾತ್ರ ತಗೊಳ್ಳಿ. ಹೆದೆ ಏರಿಸಿ ತುದಿಯಿಂದ ನೋಡಿದಾಗ ಹೆದೆ ಲಿಂಬ್‌ನ ನಟ್ಟನಡುವೆ ಹೋಗಬೇಕು. ಪಕ್ಕಕ್ಕೆ ವಾಲಿದ್ದರೆ ಲಿಂಬ್ ತಿರುಚಿಕೊಂಡಿದೆ ಅಂತ ಅರ್ಥ.

ಬ್ಲ್ಯಾಕ್ ವಿಡೋ ಮಿಸೌರಿ ರಾಜ್ಯದ್ದು. ವಿಲ್ಸನ್ ಅಣ್ಣತಮ್ಮಂದಿರು 1957ರಲ್ಲಿ ಕಟ್ಟಿದ್ದು. ಇದು ಕಾರ್ಖಾನೆಗೂ ಒಬ್ಬಂಟಿ ಬಡಗಿಗೂ ನಡುವಿನದು. ಸಣ್ಣ ತಂಡ, ಗೊತ್ತಾದ ಮಾದರಿಗಳು. ಆದರೆ ಪೌಂಡು, ಉದ್ದ, ಮರ ಎಲ್ಲ ನೀವು ಹೇಳಿದ ಹಾಗೆ. ಇವರ ದೊಡ್ಡ ಗುಣ ಒಂದೇ ಸಮನಾದ ಕೆಲಸ. ಇವತ್ತು ತಗೊಂಡ ಬಿಲ್ಲೂ ನಾಲ್ಕು ವರ್ಷ ಬಿಟ್ಟು ತಗೊಂಡ ಬಿಲ್ಲೂ ಕೈಯಲ್ಲಿ ಒಂದೇ ಥರ ಅನ್ನಿಸುತ್ತವೆ. ಪದರ ಪದರವಾಗಿ ಒತ್ತಿದ ಮರದ ರೈಸರ್ ಭಾರವಾಗಿದ್ದು ಗುರಿಯ ಮೇಲೆ ಅಲ್ಲಾಡದೆ ನಿಲ್ಲುತ್ತದೆ. ಬೆಲೆ ಜಾಸ್ತಿ. ಹೊಸ ಟೇಕ್‌ಡೌನ್‌ಗೆ ನಿಮ್ಮ 1,200 ಡಾಲರ್ ಸಾಲದೇ ಹೋಗಬಹುದು. ಮಾರುವಾಗ ಮಾತ್ರ ಬೆಲೆ ಕೈಬಿಡುವುದಿಲ್ಲ. ಕಣ್ಣು ಮುಚ್ಚಿ ಫೋನಿನಲ್ಲೇ ಆರ್ಡರ್ ಕೊಡಬೇಕಾದ ಪರಿಸ್ಥಿತಿ ಬಂದರೆ ನಾನು ಇವರಿಗೇ ಕೊಡುತ್ತೇನೆ.

ಒಬ್ಬರೇ ಮಾಡುವ ಬಿಲ್ಲಿನ ಮಜವೇ ಬೇರೆ. ಅಂಗೈ ಕಾಗದದ ಮೇಲಿಟ್ಟು ಸುತ್ತ ಗೆರೆ ಎಳೆದು ಕಳಿಸಿ ಅನ್ನುತ್ತಾರೆ. ಹಿಡಿ ಅದಕ್ಕೆ ತಕ್ಕ ಹಾಗೆ ಉಜ್ಜಿ ಕೊಡುತ್ತಾರೆ. ಹಿಡಿಯನ್ನು ಸಣ್ಣ ವಿಷಯ ಅಂದುಕೊಳ್ಳಬೇಡಿ. ಮಣಿಕಟ್ಟು ಕೆಳಗಿಳಿದು ಅಂಗೈ ಬುಡ ಪೂರ್ತಿ ಒತ್ತುವ ತಗ್ಗು ಹಿಡಿ ಕೆಲವರಿಗೆ ಆರಾಮ. ಹೆಬ್ಬೆರಳ ಬುಡದ ಮೇಲೆ ಮಾತ್ರ ಭಾರ ಬೀಳುವ ಎತ್ತರದ ಹಿಡಿಯಲ್ಲಿ ಬಿಲ್ಲು ಎಡಬಲ ತಿರುಗುವುದು ಕಡಿಮೆ, ಆದರೆ ಮಣಿಕಟ್ಟು ಬೇಗ ಸೋಲುತ್ತದೆ. ನಮ್ಮ ಕೈ ಸಾಮಾನ್ಯವಾಗಿ ಅಲ್ಲಿನವರ ಕೈಗಿಂತ ಸಣ್ಣದು. ಕಾರ್ಖಾನೆಯ ಹಿಡಿ ದಪ್ಪ ಅನ್ನಿಸಿದರೆ ಅದು ನಿಮ್ಮ ತಪ್ಪಲ್ಲ.

ಮರವನ್ನೂ ನೀವೇ ಆರಿಸಬಹುದು. ಬುಬಿಂಗಾ, ಬೊಕೋಟೆ, ಕೊಕೊಬೊಲೊ ಅಂತ ಪಟ್ಟಿ ಕೊಡುತ್ತಾರೆ. ಅದರಲ್ಲಿ ಈಸ್ಟ್ ಇಂಡಿಯನ್ ರೋಸ್‌ವುಡ್ ಅಂತ ಕಂಡರೆ ಅದು ನಮ್ಮ ಮಲೆನಾಡಿನ ಬೀಟೆಯೇ. ಸಾಗರದವರಿಗೆ ಬೀಟೆಯ ಮೇಲೆ ಆಸೆ ಹುಟ್ಟಿದರೆ ಆಶ್ಚರ್ಯ ಇಲ್ಲ. ಬೀಟೆಯ ಕುಲದ ಮರಗಳೆಲ್ಲ, ಜೊತೆಗೆ ಬುಬಿಂಗಾ, 2017ರಿಂದ ಅಳಿವಿನಂಚಿನ ಜೀವಿಗಳ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಪಟ್ಟಿಯಲ್ಲಿವೆ. ಗಡಿ ದಾಟಿಸುವಾಗ ಕಾಗದ ಕೇಳಿಯಾರು. ಊರಿಗೆ ತರುವ ಯೋಚನೆ ಇರುವುದರಿಂದ ನಿಮಗೆ ಸುಮ್ನೆ ಮೇಪಲ್ ಅಥವಾ ಆಕ್ರೋಟು ಮರವೇ ಕ್ಷೇಮ. ಹೊರಗಿನ ಮರದಿಂದ ಬಾಣದ ವೇಗ ಬದಲಾಗುವುದಿಲ್ಲ. ಲಿಂಬ್‌ನ ಒಳಗಿನ ಪದರ ಬಿದಿರೋ ಮೇಪಲ್ಲೋ ಅನ್ನುವುದರಿಂದಲೂ ನಿಮಗೆ ಗೊತ್ತಾಗುವಷ್ಟು ಫರಕು ಬರುವುದಿಲ್ಲ. ಹೆಚ್ಚಿನ ಬಲ ಹೊರುವುದು ಎರಡು ಬದಿಯ ಗಾಜಿನ ಪದರ. ಕಾರ್ಬನ್ ಪದರ ಬಂದರೆ ಲಿಂಬ್ ಸ್ವಲ್ಪ ಹಗುರ, ತಿರುಚುವುದು ಕಡಿಮೆ. ಅದಕ್ಕೆ ನೂರಿನ್ನೂರು ಡಾಲರ್ ಜಾಸ್ತಿ ಕೇಳಿದರೆ ಮೊದಲ ಬಿಲ್ಲಿಗೆ ಬೇಡ ಅನ್ನಿ.

ಒಬ್ಬಂಟಿ ತಯಾರಕರ ಅಪಾಯವೂ ಒಬ್ಬಂಟಿ ಅನ್ನುವುದರಲ್ಲೇ ಇದೆ. ತಿಂಗಳುಗಟ್ಟಲೆ ಕಾಯಬೇಕು, ಕೆಲವರ ಬಳಿ ವರ್ಷ. ಈಗ ಆರ್ಡರ್ ಕೊಟ್ಟರೆ ಅಕ್ಟೋಬರ್‌ಗೆ ಬಂದೇ ಬರುತ್ತದೆ ಅಂತ ನಂಬಬೇಡಿ. ಅವರು ಕೆಲಸ ನಿಲ್ಲಿಸಿದರೆ ವಾರಂಟಿಯೂ ಅಲ್ಲಿಗೆ ಮುಗಿಯಿತು, ಅದೇ ಅಳತೆಯ ಬೇರೆ ಲಿಂಬ್ ಎಲ್ಲೂ ಸಿಗುವುದಿಲ್ಲ. ಆರ್ಡರ್ ಕೊಡುವಾಗ ಕೇಳಬೇಕಾದ್ದು ಕೆಲವು ಇವೆ. ಪೌಂಡನ್ನು 28ಕ್ಕಲ್ಲ, ನನ್ನ 27 ಇಂಚಿಗೆ ಅಳೆದು ಬರೆದು ಕೊಡಿ ಅನ್ನಿ. ಒಂದೆರಡು ಪೌಂಡು ಆಚೀಚೆ ಆಗುತ್ತದೆ, ಅದನ್ನು ಒಪ್ಪಿಕೊಳ್ಳಿ. ಬೆರಳು ಇಡುವ ರೀತಿ ಹೇಳಿ. ಬಾಣದ ಮೇಲೊಂದು ಕೆಳಗೆರಡು ಬೆರಳಿಡುವವರಿಗೆ ಮೇಲಿನ ಲಿಂಬ್ ಹೆದೆಯಿಂದ ಇಂಚಿನ ಕಾಲು ಭಾಗದ ತನಕ ಜಾಸ್ತಿ ದೂರ ಇರುವಂತೆ ಮಾಡುತ್ತಾರೆ. ಮೂರೂ ಬೆರಳು ಬಾಣದ ಕೆಳಗಿಡುವವರಿಗೆ ಎರಡೂ ಲಿಂಬ್ ಹೆಚ್ಚುಕಡಿಮೆ ಸಮ ಇರಬೇಕು. ಇದನ್ನು ಹೇಳದೆ ಆರ್ಡರ್ ಕೊಟ್ಟು, ಆಮೇಲೆ ಬಿಲ್ಲು ಸದ್ದು ಮಾಡುತ್ತದೆ ಅಂತ ದೂರುವವರು ಬಹಳ. ಬಾಣ ಕೂರುವ ಜಾಗವನ್ನು ನಡುಗೆರೆಗಿಂತ ಎಷ್ಟು ಒಳಗೆ ಕೊರೆದಿದ್ದಾರೆ ಅಂತ ಕೇಳಿ. ಸ್ವಲ್ಪ ಒಳಗಿದ್ದರೆ ಬೇರೆ ಬೇರೆ ಬಿಗುವಿನ ಬಾಣಗಳಿಗೆ ಹೊಂದಿಸಲು ಜಾಗ ಸಿಗುತ್ತದೆ. ವಾರಂಟಿ ಎರಡನೇ ಮಾಲೀಕರಿಗೂ ಸಿಗುತ್ತದಾ ಅಂತಲೂ ಕೇಳಿ, ಮಾರುವಾಗ ಬೇಕಾಗುತ್ತದೆ.

ಇಷ್ಟೆಲ್ಲ ಹೇಳಿ ಈಗ ನಿಮ್ಮ ಪಟ್ಟಿಯಲ್ಲೇ ಇಲ್ಲದ್ದನ್ನು ತಗೊಳ್ಳಿ ಅನ್ನುತ್ತೇನೆ. ಈ ವರ್ಷಕ್ಕೆ ಐಎಲ್‌ಎಫ್ ಬಿಲ್ಲು. ಇದು ಬಿಲ್ಲು ತಯಾರಕ ಅರ್ಲ್ ಹಾಯ್ಟ್ ವಿನ್ಯಾಸದಿಂದ ಬಂದ, ಈಗ ಹಲವು ಕಂಪನಿಗಳು ಒಪ್ಪಿಕೊಂಡಿರುವ ಲಿಂಬ್ ಜೋಡಿಸುವ ವಿಧಾನ. ಒಬ್ಬರ ರೈಸರ್‌ಗೆ ಇನ್ನೊಬ್ಬರ ಲಿಂಬ್ ಹಾಕಬಹುದು. ಹಾಯ್ಟ್‌ನವರ ಸಟೋರಿ ಬೇಟೆಗೆಂದೇ ಮಾಡಿದ ರೈಸರ್. 17, 19, 21 ಇಂಚಿನವು ಸಿಗುತ್ತವೆ. ಅದಕ್ಕಿಂತ ಅಗ್ಗದ ರೈಸರ್‌ಗಳೂ ಇವೆ. 19 ಇಂಚಿನದಕ್ಕೆ ಮೀಡಿಯಂ (ಮಧ್ಯಮ ಉದ್ದದ) ಲಿಂಬ್ ಹಾಕಿದರೆ 62 ಇಂಚಿನ ಬಿಲ್ಲಾಗುತ್ತದೆ. ಇಲ್ಲೊಂದು ಲೆಕ್ಕ ಗಮನಿಸಿ. ಈ ಲಿಂಬ್‌ಗಳ ಮೇಲಿನ ಪೌಂಡು ಸಾಮಾನ್ಯವಾಗಿ 25 ಇಂಚಿನ ಸ್ಪರ್ಧೆಯ ರೈಸರ್ ಮೇಲೆ ಅಳೆದದ್ದು. 19ಕ್ಕೆ ಹಾಕಿದರೆ ಐದಾರು ಪೌಂಡು ಏರುತ್ತದೆ. 36 ಅಂತ ಬರೆದ ಲಿಂಬ್ ತಗೊಂಡರೆ 28ಕ್ಕೆ ಸುಮಾರು 42, ನಿಮ್ಮ 27ಕ್ಕೆ 40 ಸಿಗುತ್ತದೆ. ಬೋಲ್ಟ್ ತಿರುಗಿಸಿ 38ರಿಂದ 42ರ ತನಕ ಆಡಿಸಬಹುದು. ಬೇಸಗೆ ಪೂರ್ತಿ 38ರಲ್ಲಿ ಅಭ್ಯಾಸ ಮಾಡಿ, ಸೆಪ್ಟೆಂಬರ್ ಹೊತ್ತಿಗೆ ನಿಧಾನವಾಗಿ 42ಕ್ಕೆ ಏರಿಸಿ. ಲೋಹದ ರೈಸರ್ ನೋಡಲು ಬೀಟೆಯಷ್ಟು ಚೆಂದ ಇಲ್ಲ, ಚಳಿಯಲ್ಲಿ ಕೈ ಕೊರೆಯುತ್ತದೆ, ಒಪ್ಪುತ್ತೇನೆ. ಆದರೆ ಒಂದು ಸೀಸನ್ ಮುಗಿಯುವಷ್ಟರಲ್ಲಿ ನಿಮ್ಮ ಪೌಂಡು, ಉದ್ದ, ಹಿಡಿ, ಬೆರಳಿನ ರೀತಿ ಎಲ್ಲವೂ ಗೊತ್ತಾಗಿರುತ್ತದೆ. ಅಷ್ಟು ಗೊತ್ತಿದ್ದವರು ಕೊಟ್ಟ ಕಸ್ಟಮ್ ಆರ್ಡರ್ ಬಹಳ ಮಟ್ಟಿಗೆ ಸರಿಯಾಗೇ ಬರುತ್ತದೆ.

ಬಾಣಕ್ಕೆ ಒಂದೇ ಮಾತು. 40 ಪೌಂಡಿನ ಬಿಲ್ಲಿಗೆ ಕಾರ್ಬನ್ ಬಾಣವಾದರೆ 600 ಸ್ಪೈನ್‌ನಿಂದ ಶುರು ಮಾಡಿ. ಬಾಣವನ್ನು ಉದ್ದವಾಗೇ ಇಟ್ಟು, ಗರಿಯಿಲ್ಲದ ಬಾಣ ಹೊಡೆದು ನೋಡುತ್ತಾ ಸ್ವಲ್ಪ ಸ್ವಲ್ಪ ಕತ್ತರಿಸಿ. 600 ಅಂದರೆ 28 ಇಂಚು ಅಂತರದ ಎರಡು ಆಸರೆಯ ಮೇಲೆ ಬಾಣ ಇಟ್ಟು, ನಡುವೆ 880 ಗ್ರಾಮ್ ತೂಗಿದಾಗ ಅದು 0.600 ಇಂಚು ಬಾಗುತ್ತದೆ ಅಂತ. ಅಂಕಿ ದೊಡ್ಡದಾದಷ್ಟೂ ಬಾಣ ಮೆತ್ತಗೆ. ಬಾಣ ಹೊಂದದಿದ್ದರೆ ಎಂಥ ಬಿಲ್ಲೂ ಕೆಟ್ಟದಾಗೇ ಕಾಣುತ್ತದೆ. ಬಿಲ್ಲು ಬದಲಿಸುವ ಮೊದಲು ಬಾಣ ಬದಲಿಸಿ ನೋಡಿ.

ನೀವಿರುವ ರಾಜ್ಯ ಇದಕ್ಕೆಲ್ಲ ಬಹಳ ಅನುಕೂಲದ್ದು. ಚಳಿಗಾಲದಲ್ಲಿ ಕಲಮಜೂದಲ್ಲಿ ಸಾಂಪ್ರದಾಯಿಕ ಬಿಲ್ಲು ಬೇಟೆಗಾರರ ಎಕ್ಸ್‌ಪೋ ನಡೆಯುತ್ತದೆ. ಬೇಸಗೆಯಲ್ಲಿ ಬೆರಿಯನ್ ಸ್ಪ್ರಿಂಗ್ಸ್‌ನಲ್ಲಿ ಕಾಂಪ್ಟನ್ ಬೇಟೆಗಾರರ ಸಂಘದ ಮೇಳ. ತಯಾರಕರು ಬಿಲ್ಲುಗಳನ್ನು ಸಾಲಾಗಿ ಇಟ್ಟುಕೊಂಡು ಕೂತಿರುತ್ತಾರೆ. ಕೇಳಿದರೆ ಹೊಡೆದು ನೋಡಲು ಕೊಡುತ್ತಾರೆ. ಆ ವರ್ಷದ ದಿನಾಂಕ ನೋಡಿಕೊಂಡು ಹೋಗಿ. ಹತ್ತು ವಿಡಿಯೋ ನೋಡುವುದಕ್ಕಿಂತ ಅಲ್ಲಿ ಒಂದು ಮಧ್ಯಾಹ್ನ ಕಳೆಯುವುದು ಲೇಸು. ಹಿಡಿ ಹಿಡಿದು ಹತ್ತು ಬಾಣ ಹೊಡೆಯುವಷ್ಟರಲ್ಲಿ ನಿಮಗೇ ಗೊತ್ತಾಗುತ್ತದೆ. ಬೇರೆಯವರ ಬಿಲ್ಲನ್ನು ಬಾಣ ಇಲ್ಲದೆ ಎಳೆದು ಬಿಡಬೇಡಿ, ಲಿಂಬ್ ಒಡೆಯಬಹುದು. ಅಲ್ಲಿ ಅದಕ್ಕಿಂತ ದೊಡ್ಡ ಅಪರಾಧ ಇಲ್ಲ.

ಕಾಗದಪತ್ರದ ಕೆಲಸ ಈಗಲೇ ಶುರು ಮಾಡಿ. ಮಿಷಿಗನ್‌ನಲ್ಲಿ 1960ರ ಜನವರಿ 1 ಅಥವಾ ಅದರ ನಂತರ ಹುಟ್ಟಿದವರಿಗೆ ಬೇಟೆಯ ಸುರಕ್ಷತಾ ತರಬೇತಿಯ ಸರ್ಟಿಫಿಕೇಟ್ ಬೇಕು. ಬಿಲ್ಲಿನ ಜಿಂಕೆ ಸೀಸನ್ ಅಕ್ಟೋಬರ್ 1ಕ್ಕೆ ಶುರುವಾಗುತ್ತದೆ. ನವೆಂಬರ್ 15ಕ್ಕೆ ಬಂದೂಕಿನವರು ಕಾಡಿಗೆ ಇಳಿಯುತ್ತಾರೆ. ಎಚ್-1ಬಿ ಥರದ ವೀಸಾದಲ್ಲಿರುವವರು ಬಂದೂಕು ಇಟ್ಟುಕೊಳ್ಳಲು ಫೆಡರಲ್ ಕಾನೂನಿನ ನಿರ್ಬಂಧ ಇದೆ, ಬೇಟೆಯ ಲೈಸೆನ್ಸ್ ಇದ್ದವರಿಗೆ ಅದರಲ್ಲಿ ವಿನಾಯಿತಿ. ಬಿಲ್ಲು ಆ ನಿರ್ಬಂಧದೊಳಗೆ ಬರುವುದಿಲ್ಲ. ಲೈಸೆನ್ಸ್ ಮಾತ್ರ ಎಲ್ಲರಿಗೂ ಬೇಕು.

ಊರಿಗೆ ತರುವುದಾದರೆ ಟೇಕ್‌ಡೌನ್ ಬಿಲ್ಲೇ ಸರಿ. ಬಿಚ್ಚಿ ಸೂಟ್‌ಕೇಸಿನಲ್ಲಿಟ್ಟು ಚೆಕ್-ಇನ್ ಮಾಡಬೇಕು, ಕೈಚೀಲದಲ್ಲಿ ಬಿಡುವುದಿಲ್ಲ. ವಿಮಾನ ಕಂಪನಿಯನ್ನೂ ಕಸ್ಟಮ್ಸ್‌ನವರನ್ನೂ ಮೊದಲೇ ಕೇಳಿಕೊಂಡು ಹೊರಡಿ. ಇಳಿದ ಮೇಲೆ ಮೇ ತಿಂಗಳ ಬಿಸಿಲಿನಲ್ಲಿ ಕಾರಿನ ಡಿಕ್ಕಿಯಲ್ಲಿ ಬಿಡಬೇಡಿ, ಪದರಗಳನ್ನು ಹಿಡಿದಿರುವ ಅಂಟು ಸಡಿಲವಾಗುತ್ತದೆ. ಭಾರತದಲ್ಲಿ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಇದೆ, ತೋಟಕ್ಕೆ ಬರುವ ಹಂದಿ ಅಂತ ಯಾರಾದರೂ ಪುಸಲಾಯಿಸಿದರೂ ಬಿಲ್ಲು ಎತ್ತಬೇಡಿ. ಮನೆ ಹಿಂದೆ ಹುಲ್ಲಿನ ಪಿಂಡಿ ಕಟ್ಟಿ, ಅದರ ಹಿಂದೆ ಮಣ್ಣಿನ ದಿಬ್ಬ ಇರುವ ಹಾಗೆ ನೋಡಿಕೊಂಡು ಅಭ್ಯಾಸ ಮಾಡಿ. ಬೇಟೆಯ ಅಲಗುಗಳನ್ನು ಮಾತ್ರ ನೋವೈಯಲ್ಲೇ ಬಿಟ್ಟು ಬನ್ನಿ.